ಗಿರಣಿ ಮನೆಯ ರೇಟು

ಅಣ್ಣ ಯಲ್ಲಾಪುರದಿಂದ ಬಂದಿದ್ದ, ತಂಗಿ ಸಿದ್ದಾಪುರದಿಂದ. ಇಬ್ಬರೂ ಶಿರಸಿಯ ನನ್ನ ಆಫೀಸಿನ ಬೆಂಚಿನ ಮೇಲೆ ಅಕ್ಕಪಕ್ಕ ಕೂತರು. ಕೊಟ್ಟ ನೀರು ಕುಡಿದು ಲೋಟ ಕೆಳಗಿಟ್ಟ ಮೇಲೆ ಅಣ್ಣ ಹೇಳಿದ:

"ಮನೆ ಮಾರೂದಲ್ಲ ಅಕ್ಕ. ಬರೀ ರೇಟ್ ಹೇಳಿದ್ರೆ ಸಾಕು."

ಮನೆ, ಸೈಟು ಮಾರಿಸಿಕೊಡುವುದು ನನ್ನ ಕಸುಬು. ಮಾರುವುದೇ ಇಲ್ಲದ ಮನೆಗೆ ರೇಟು ಕೇಳಲು ಬಂದವರು ಇವರೇ ಮೊದಲು. ನನಗೆ ಅರ್ಥವಾಗಲಿಲ್ಲ. ಆಗ ತಂಗಿ ಬಿಡಿಸಿ ಹೇಳಿದಳು.

ಯಲ್ಲಾಪುರ ಪೇಟೆಯ ಒಂದು ಅಡ್ಡರಸ್ತೆಯಲ್ಲಿ ಅವರ ಅಪ್ಪ ಕಟ್ಟಿಸಿದ ಮನೆ. ಮುಂಭಾಗದಲ್ಲಿ ಹಿಟ್ಟಿನ ಗಿರಣಿ, ಹಿಂದೆ ವಾಸ. ಅಪ್ಪ ಅಮ್ಮ ಇಬ್ಬರೂ ತೀರಿಹೋಗಿ, ಪಟ್ಟಣ ಪಂಚಾಯತಿಯ ಖಾತೆ ಈಗ ಅಣ್ಣ ತಂಗಿ ಇಬ್ಬರ ಹೆಸರಿಗೂ ಆಗಿದೆ. ಗಿರಣಿ ನಡೆಸುವವನು ಅಣ್ಣ, ಅವನಿಗೆ ಆ ಮನೆಯೇ ಬೇಕು. ತಂಗಿ ಸಿದ್ದಾಪುರದಲ್ಲಿ ಆಸ್ಪತ್ರೆಯ ನರ್ಸು. ಒಬ್ಬಳೇ, ಬಾಡಿಗೆ ಮನೆಯಲ್ಲಿದ್ದಾಳೆ. ಶಿರಸಿಯಲ್ಲಿ ಸಣ್ಣದೊಂದು ಸ್ವಂತ ಮನೆ ಮಾಡಿಕೊಳ್ಳಬೇಕೆಂದು ಅವಳ ಆಸೆ. ಮನೆಯ ಬೆಲೆಯಲ್ಲಿ ಅರ್ಧವನ್ನು ಅಣ್ಣ ಅವಳಿಗೆ ಕೊಡುವುದು, ಅವಳು ತನ್ನ ಹಕ್ಕು ಬಿಟ್ಟು ಸಹಿ ಹಾಕುವುದು. ಅಷ್ಟರಮಟ್ಟಿಗೆ ಇಬ್ಬರೂ ಒಪ್ಪಿದ್ದರು. ಯಾವುದರ ಅರ್ಧ ಎನ್ನುವುದೊಂದೇ ಬಾಕಿ.

"ಯಲ್ಲಾಪುರದಲ್ಲೇ ದಲಾಲಿ ಮಾಡೋರು ಇದ್ವಲ, ಇಷ್ಟು ದೂರ ಎಂತಕ್ಕೆ ಬಂದಿ?" ಎಂದೆ.

"ಅಲ್ಲಿದ್ದವೆಲ್ಲ ನನ್ನ ಗುರ್ತದವು. ತಂಗಿಗೆ ಅನುಮಾನ ಬಕ್ಕು," ಎಂದ ಅಣ್ಣ.

"ನಿಂಗ ನಮ್ಮಿಬ್ರಿಗೂ ಗುರ್ತ ಇಲ್ಲೆ," ಎಂದಳು ತಂಗಿ. "ನಿಂಗ ಎಷ್ಟು ಹೇಳಿದ್ರೂ ಅಷ್ಟೇ. ಆಮೇಲೆ ಇಬ್ರೂ ಬಾಯಿ ಬಿಡ್ತ್ವಿಲ್ಲೆ. ಅಣ್ಣಂಗೂ ಮೋಸ ಆಪ್ಲಾಗ, ನಂಗೂ ಆಪ್ಲಾಗ."

ಕಮಿಷನ್ ಇಲ್ಲ, ಕೆಲಸಕ್ಕಿಷ್ಟು ಎಂದು ಮಾತಾಯಿತು. ಅವರು ಹೋದ ಮೇಲೆ ನನಗೆ ಸ್ವಲ್ಪ ಹೆಮ್ಮೆಯೇ ಆಗಿತ್ತು. ನಮ್ಮ ಕಸುಬಿನಲ್ಲಿ ರೇಟು ಹೇಳುವುದಕ್ಕೂ ರೇಟು ಗೊತ್ತಿರುವುದಕ್ಕೂ ಸಂಬಂಧ ಕಡಿಮೆ. ಮಾರುವವರು ನಾಲ್ಕು ಜನ ದಲಾಲರನ್ನು ಕೇಳುತ್ತಾರೆ, ಜಾಸ್ತಿ ಹೇಳಿದವನ ಕೈಗೆ ಮನೆ ಕೊಡುತ್ತಾರೆ. ಹಾಗಾಗಿ ಮೊದಲು ಜಾಸ್ತಿ ಹೇಳಿ ಮನೆ ಹಿಡಿಯುವುದು, ಆಮೇಲೆ 'ಯಾರೂ ಬರುತ್ತಿಲ್ಲ' ಎಂದು ತಿಂಗಳಿಗಿಷ್ಟು ಇಳಿಸುತ್ತ ಬರುವುದು. ಅವಸರದ ಕಮಿಷನ್ ಬೇಕಿದ್ದವರು ಮೊದಲೇ ಕಡಿಮೆ ಹೇಳಿ ಗುರುತಿನವರಿಗೆ ಕೊಡಿಸುತ್ತಾರೆ. ನಾನು ಈ ಎರಡನ್ನೂ ಮಾಡುವವಳಲ್ಲ, ಆದ್ದರಿಂದ ನಾನು ಹೇಳುವ ರೇಟು ಸರಿಯಾಗಿರುತ್ತದೆ ಎಂದೇ ಅಂದುಕೊಂಡಿದ್ದೆ. ಆ 'ಆದ್ದರಿಂದ'ದ ಹತ್ತಿರ ಏನೋ ತಪ್ಪಿದೆ ಎಂದು ಯಲ್ಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಹೊಳೆಯಿತು. ಮಾರುವ ಮನೆಯಾದರೆ ನನ್ನ ತಪ್ಪನ್ನು ಪೇಟೆಯೇ ತಿದ್ದುತ್ತದೆ. ಹೆಚ್ಚು ಹೇಳಿದ್ದರೆ ಗಿರಾಕಿ ಬರುವುದಿಲ್ಲ, ಕಡಿಮೆ ಹೇಳಿದ್ದರೆ ಫೋನು ಕೆಳಗಿಡಲು ಬಿಡುವುದಿಲ್ಲ. ಇಲ್ಲಿ ತಿದ್ದುವವರೇ ಇಲ್ಲ. ನಾನು ತಪ್ಪಿದರೆ ಆ ತಪ್ಪು ಹಾಗೆಯೇ ನೋಂದಣಿಯಾಗುತ್ತದೆ.

ಅಡ್ಡರಸ್ತೆಗೆ ತಿರುಗುತ್ತಿದ್ದಂತೆ ಗಿರಣಿಯ ಸದ್ದು ಕೇಳಿತು. ಮುಂದಿನ ಕಿಟಕಿಯ ಸರಳು, ಕರೆಂಟಿನ ಬೋರ್ಡು, ಅಣ್ಣನ ಹುಬ್ಬು ಎಲ್ಲವೂ ಬಿಳಿಯ ಹಿಟ್ಟು. ನನ್ನನ್ನು ಕಂಡು ಮೋಟರು ನಿಲ್ಲಿಸಿದ. ಅವನ ಹೆಂಡತಿ ಟೇಪಿನ ಒಂದು ತುದಿ ಹಿಡಿದಳು, ನಾನು ಇನ್ನೊಂದು ತುದಿ. ಚಿರೆಕಲ್ಲಿನ ಗೋಡೆ, ಹಂಚಿನ ಮಾಡು, ಹಿಂದೆ ಬಾವಿ, ಅಡುಗೆಮನೆ ಮಾತ್ರ ಸ್ಲ್ಯಾಬ್ ಹಾಕಿದ್ದು. ಅಳತೆ ಮಾಡಿದರೆ ಜಾಗ ದಾಖಲೆಯಲ್ಲಿದ್ದುದಕ್ಕಿಂತ ಕಡಿಮೆ ಬಂತು. ಎರಡನೇ ಸಲ ಅಳೆದರೂ ಅಷ್ಟೇ. ಮುಂದಿನ ಚರಂಡಿ ಕಟ್ಟುವಾಗ ಒಂದು ಪಟ್ಟಿ ಜಾಗ ರಸ್ತೆಗೆ ಹೋಗಿತ್ತು, ಕಾಗದದಲ್ಲಿ ಅದು ಇನ್ನೂ ಇವರದೇ. ಯಾವುದಕ್ಕೆ ಬೆಲೆ ಕಟ್ಟಬೇಕು? ಟೇಪಿಗೋ ಕಾಗದಕ್ಕೋ? ಟೇಪಿಗೆ ಎಂದು ಬರೆದುಕೊಂಡೆ.

ಅಣ್ಣ ನನ್ನ ಹಿಂದೆಯೇ ಬರುತ್ತಿದ್ದ. ಮೋಟರಿನ ಅದುರಿಗೆ ಬಿರಿದ ಗೋಡೆ ತೋರಿಸಿದ. ಹಂಚಿನ ಕೆಳಗಿನ ಪಕಾಸಿಗೆ ಹತ್ತಿದ ಗೆದ್ದಲು ತೋರಿಸಿದ. "ಮನೆ ಹಳತಾತು ಅಕ್ಕ," ಎಂದು ಎರಡು ಮೂರು ಸಲ ಹೇಳಿದ. ನಂತರ ಸ್ವಲ್ಪ ಸಂಕೋಚದಿಂದ, "ಗಿರಣಿ ಮೇಲಿನ ತಗಡಿನ ಶೆಡ್ಡು, ತ್ರೀ ಫೇಸ್ ಲೈನು ಎರಡೂ ಆನು ಹಾಕ್ಸಿದ್ದು. ಅದ್ನ ಅಪ್ಪಯ್ಯನ ಲೆಕ್ಕಕ್ಕೆ ಸೇರ್ಸಲಾಗ," ಎಂದ.

ಅದು ನ್ಯಾಯವೇ. ಆದರೆ ಲೈನು ಬಂದ ಮೇಲೆ ಜಾಗಕ್ಕೇ ಬೆಲೆ ಬಂದಿದೆಯಲ್ಲ, ಅದು ಯಾರ ಲೆಕ್ಕಕ್ಕೆ? ಅವನು ಸುಳ್ಳು ಹೇಳುತ್ತಿರಲಿಲ್ಲ. ಗೆದ್ದಲು ನಿಜ, ಬಿರುಕೂ ನಿಜ. ತೋರಿಸಿದ್ದು ಮಾತ್ರ ಅವನ್ನೇ.

ನಾನು ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ತಂಗಿಯ ಫೋನು ಬಂತು. "ನೋಡಿದ್ರಾ ಅಕ್ಕ? ಜಗಲಿ ಕಂಬ ಸಾಗುವಾನಿದು, ಕಂಡ್ಚಾ? ಹಿಟ್ಟು ಹಿಡ್ದು ಬೆಳ್ಳಗೆ ಆಯ್ದು, ಒರೆಸಿ ನೋಡವು. ಬಾವಿ ಬೇಸಿಗೇಲೂ ಬತ್ತತಿಲ್ಲೆ." ಅದೂ ನಿಜವೇ ಆಗಿತ್ತು.

ಮೊದಲು ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ ಹಿಡಿದು ಲೆಕ್ಕ ಹಾಕಿದೆ. ಇಪ್ಪತ್ತೊಂದು ಲಕ್ಷ ಬಂತು. ಅದು ಸರ್ಕಾರ ತನ್ನ ಮುದ್ರಾಂಕ ಶುಲ್ಕಕ್ಕೆ ಇಟ್ಟುಕೊಂಡ ದರ, ಆ ದರಕ್ಕೆ ಯಾರೂ ಮನೆ ಕೊಡುವುದಿಲ್ಲ. ಆಮೇಲೆ ಪರಿಚಯದ ಒಬ್ಬ ಎಂಜಿನಿಯರರನ್ನು ಕರೆದುಕೊಂಡು ಹೋದೆ. ಅವರು ಕಟ್ಟಡವನ್ನು ಇವತ್ತು ಹೊಸದಾಗಿ ಕಟ್ಟಿದರೆ ಎಷ್ಟಾಗುತ್ತದೆ ಎಂದು ಹಿಡಿದು, ಅದರಲ್ಲಿ ಸವಕಳಿ ಕಳೆದು, ಜಾಗದ ಬೆಲೆ ಕೂಡಿಸಿ ಮೂವತ್ತು ಎಂದರು. ಜಾಗದ ಬೆಲೆ ಎಲ್ಲಿಂದ ತಂದಿರಿ ಎಂದು ಕೇಳಿದೆ. "ಅದು ನಿಮಗೇ ಗೊತ್ತಿರಬೇಕಲ್ಲ ಮೇಡಂ, ನಾನು ಅಂದಾಜಿಗೆ ಹಾಕಿದ್ದು," ಎಂದರು.

ಗೊತ್ತಿರಬೇಕಿತ್ತು. ಶಿರಸಿಯಲ್ಲಾದರೆ ಯಾವ ಓಣಿಯಲ್ಲಿ ಯಾವ ಮನೆ ಎಷ್ಟಕ್ಕೆ ಹೋಯಿತು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಯಲ್ಲಾಪುರದಲ್ಲಿ ನಾನು ಹೊರಗಿನವಳು. ಯಾರ ಗುರುತೂ ಇಲ್ಲವೆಂದೇ ಇವರು ನನ್ನನ್ನು ಆರಿಸಿದ್ದರು, ಆ ಕಾರಣಕ್ಕೇ ನನಗೆ ಏನೂ ಗೊತ್ತಿರಲಿಲ್ಲ.

ಕೊನೆಗೆ ಯಲ್ಲಾಪುರದ ಒಬ್ಬ ದಲಾಲರ ಹತ್ತಿರವೇ ಹೋಗಬೇಕಾಯಿತು. ಬಹಳ ಅನುಭವಸ್ಥರು. ಚಹಾ ತರಿಸಿದರು. ಗಿರಣಿ ಮನೆಯಂಥದಕ್ಕೆ ಏನು ರೇಟು ನಡೆಯುತ್ತಿದೆ ಎಂದು ಕೇಳಿದೆ.

"ಕೊಡುವವರ ರೇಟು ಬೇಕಾ ಮೇಡಂ, ತಗೊಳ್ಳುವವರ ರೇಟು ಬೇಕಾ?"

"ಎರಡೂ ಅಲ್ಲ, ಸರಿಯಾದ ರೇಟು."

ಅವರು ಜೋರಾಗಿ ನಕ್ಕರು. ಅಪಹಾಸ್ಯವಿರಲಿಲ್ಲ, ನಿಜವಾಗಿಯೂ ನಗು ಬಂದಿತ್ತು. "ನಾನು ನಲವತ್ತು ವರ್ಷದ ಹತ್ತಿರ ಈ ಪೇಟೆಯಲ್ಲಿದ್ದೇನೆ. ಅಂಥದ್ದೊಂದು ಕಂಡಿಲ್ಲ ನೋಡಿ." ಆದರೂ ಗಿರಣಿಯ ಪಕ್ಕದ ಓಣಿಯಲ್ಲಿ ಹಿಂದಿನ ಮಳೆಗಾಲ ಕಳೆದ ಮೇಲೆ ಕೈ ಬದಲಾದ ಒಂದು ಮನೆಯ ಲೆಕ್ಕ ಕೊಟ್ಟರು. ಆ ಹಿಸೇಬಿನಲ್ಲಿ ಗಿರಣಿ ಮನೆ ನಲವತ್ತನಾಲ್ಕಕ್ಕೆ ಹೋಗುತ್ತಿತ್ತು.

ನಾನು ಆ ಮನೆ ಕೊಂಡವರನ್ನೇ ಹುಡುಕಿ ಹೋದೆ. ಲಾರಿ ಇಟ್ಟುಕೊಂಡವರು. ಅವರ ಮನೆ ಹಿಂದೆ, ಲಾರಿ ಒಳಗೆ ಬರಲು ದಾರಿ ಇರಲಿಲ್ಲ. ಮುಂದಿನ ಮನೆ ಕೊಂಡು, ಅರ್ಧ ಕೆಡವಿ ದಾರಿ ಮಾಡಿಕೊಂಡಿದ್ದರು. "ನಂಗೆ ಆ ಮನೆ ಅಲ್ಲ ಬೇಕಾದ್ದು, ರಸ್ತೆ. ಬೇರೆಯವರಿಗೆ ಅಷ್ಟು ಬೆಲೆ ಇಲ್ಲ ಅದಕ್ಕೆ," ಎಂದರು. ಹಾಗಾದರೆ ನಲವತ್ತನಾಲ್ಕನ್ನು ಬಿಟ್ಟೇಬಿಡಬೇಕೋ, ಸ್ವಲ್ಪ ಇಳಿಸಿ ಇಟ್ಟುಕೊಳ್ಳಬೇಕೋ? ಎಷ್ಟು ಇಳಿಸಬೇಕು? ಕೇಳಲು ಯಾರೂ ಇರಲಿಲ್ಲ.

ಆಫೀಸಿಗೆ ಬಂದು ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದೆ. ಹತ್ತಿರ ಹತ್ತಿರ ಮೂವತ್ತೆರಡು. ನೋಡಲು ಸಭ್ಯವಾದ ಸಂಖ್ಯೆ. ಅಣ್ಣ ತಂಗಿ ಇಬ್ಬರನ್ನೂ ಒಂದೇ ಕರೆಯಲ್ಲಿ ಸೇರಿಸಿ ಹೇಳಿದೆ.

ತಂಗಿ ಕೇಳಿದಳು, "ಹೆಂಗೆ ಬಂತು ಅಕ್ಕ ಇದು?"

ಹೇಳಿದೆ.

"ಅಲ್ದಾ, ಒಬ್ರಿಗೆ ಜ್ವರ ನೂರಾ ಮೂರು ಇರ್ತು, ಇನ್ನೊಬ್ರಿಗೆ ಮೈ ತಣ್ಣಗೆ ತೊಂಬತ್ತೈದಕ್ಕೆ ಇಳ್ದಿರ್ತು. ಕೂಡ್ಸಿ ಅರ್ಧ ಮಾಡಿ ಇಬ್ರೂ ಹುಷಾರಿದ್ದ ಹೇಳಿ ಬರೆಯಲಾಗ್ತಾ?"

ಅಣ್ಣ ನಕ್ಕ. ನನಗೂ ನಗು ಬಂತು, ಆಮೇಲೆ ಮೈ ಬಿಸಿಯಾಯಿತು. ಇಪ್ಪತ್ತೊಂದು ಯಾರೂ ಮನೆ ಬಿಟ್ಟುಕೊಡದ ಬೆಲೆ, ನಲವತ್ತನಾಲ್ಕು ಬೇರೆಯವರಿಗೆ ಸಲ್ಲದ ಬೆಲೆ. ಅವೆರಡನ್ನೂ ಸೇರಿಸಿಯೇ ನಾನು ಆ ಸಭ್ಯ ಸಂಖ್ಯೆ ಮಾಡಿದ್ದೆ.

ಆಗ ಅಣ್ಣ ಒಂದು ಉಪಾಯ ಹೇಳಿದ. "ಮಾರಾಟಕ್ಕಿದ್ದು ಹೇಳಿ ಬೋರ್ಡ್ ಹಾಕುವ. ಯಾರ್ಯಾರು ಎಷ್ಟೆಷ್ಟು ಕೇಳ್ತ ನೋಡಿ, ಆಮೇಲೆ ತೆಗೆದ್ರಾತು. ಖರೇ ರೇಟ್ ಗೊತ್ತಾಗ್ತು."

ತಂಗಿ ಕೂಡಲೇ ಒಪ್ಪಿದಳು. ನಾನೂ ಒಪ್ಪಿದೆ. ಎಷ್ಟು ಸುಲಭವಾಗಿ ಒಪ್ಪಿದೆ ಎಂದರೆ, ಅದರಲ್ಲಿ ಮೂರನೆಯವರೊಬ್ಬರು ಇರುತ್ತಾರೆ ಎನ್ನುವುದು ತಲೆಗೇ ಬರಲಿಲ್ಲ. ಇವರಿಬ್ಬರಿಗೆ ಮೋಸವಾಗಬಾರದು ಎಂಬುದೊಂದೇ ತಲೆಯಲ್ಲಿತ್ತು.

ಗಿರಣಿಯ ಗೋಡೆಗೆ ನನ್ನ ನಂಬರಿನ ಬೋರ್ಡು ಹಾಕಿದೆವು, ವಾಟ್ಸಾಪ್ ಗುಂಪುಗಳಲ್ಲಿ ಫೋಟೋ ಬಿಟ್ಟೆವು. ಫೋನುಗಳು ಬಂದವು. ಹುಬ್ಬಳ್ಳಿಯ ಒಬ್ಬರಿಗೆ ಹೋಮ್‌ಸ್ಟೇ ಮಾಡಬೇಕಿತ್ತು, ಜಲಪಾತ ಎಷ್ಟು ದೂರ ಎಂದು ಕೇಳಿದರು. ಇನ್ನೊಬ್ಬರು ಹದಿನೈದಕ್ಕೆ ಕೊಡುತ್ತೀರಾ ಎಂದರು. ಗಿರಾಕಿಯ ಹಾಗೆ ಮಾತಾಡಿದ ಮೂರನೆಯವರು ಇನ್ನೊಬ್ಬ ದಲಾಲರೆಂದು ಎರಡೇ ಮಾತಿಗೆ ಗೊತ್ತಾಯಿತು. ಫೋನಿನಲ್ಲಿ ಯಾರು ಎಷ್ಟು ಬೇಕಾದರೂ ಹೇಳಬಹುದು, ಅದರಿಂದ ಏನೂ ತಿಳಿಯುವುದಿಲ್ಲ.

ಕಡೆಗೆ ಮನೆ ನೋಡಲು ಬಂದವರು ಒಬ್ಬ ಬಸ್ ಕಂಡಕ್ಟರು. ಮುಂಡಗೋಡದ ಕಡೆಯವರು, ಯಲ್ಲಾಪುರಕ್ಕೆ ವರ್ಗವಾಗಿ ಬಾಡಿಗೆ ಮನೆಯಲ್ಲಿದ್ದವರು. ಭಾನುವಾರ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ಬಂದರು. ಹೆಂಡತಿ ಬಟ್ಟೆ ಹೊಲಿಯುವವರು. ಅಂದು ತಂಗಿಯೂ ಸಿದ್ದಾಪುರದಿಂದ ಬಂದಿದ್ದಳು, ಜನ ತನ್ನ ಮನೆಗೆ ಎಷ್ಟು ಬೆಲೆ ಕಟ್ಟುತ್ತಾರೆಂದು ಕಣ್ಣಾರೆ ನೋಡಬೇಕೆಂದು. ಅಣ್ಣ ಗಿರಣಿ ಬಂದ್ ಮಾಡಿದ್ದ.

"ಬರ್ರಿ, ಒಳಗ ಬರ್ರಿ," ಎಂದು ಕಂಡಕ್ಟರು ತಮ್ಮ ಹೆಂಡತಿಯನ್ನು ತಮ್ಮದೇ ಮನೆಗೆಂಬಂತೆ ಕರೆದರು.

ಆಕೆ ಗೋಡೆ ತಟ್ಟಿ ನೋಡಿದರು. "ಎಲ್ಲಾ ಕಡೆ ಹಿಟ್ಟು ಹಿಡದೈತಿ. ಮನಿ ಭಾಳ ಹಳೇದು ಕಾಣತೈತಿ, ಅಲ್ರಿ?" ಎಂದರು. ಮಾರುವವರ ಮುಂದೆ ಎಲ್ಲ ಗಿರಾಕಿಗಳೂ ಆಡುವ ಮಾತು ಅದು. ಆದರೆ ಅಣ್ಣನ ಮುಖ ಬದಲಾಯಿತು.

"ಹಳೇದು ಹೇಳಿದ್ರೆ ಹೆಂಗೆ?" ಎಂದವನೇ ಹೆಗಲ ಮೇಲಿನ ಟವೆಲು ತೆಗೆದು ಜಗಲಿಯ ಕಂಬವನ್ನು ಒರೆಸಿದ. ಒಳಗಿನ ಕಂದು ಬಣ್ಣ ಹೊಳೆಯಿತು. "ಇದು ಸಾಗುವಾನಿ. ಇಂಥ ಮರ ಈಗ ದುಡ್ಡು ಕೊಟ್ರೂ ಸಿಕ್ಕೂದಿಲ್ಲ. ಅಪ್ಪಯ್ಯ ನಿಂತು ಕೆತ್ತಿಸಿದ್ದು. ಬಾವಿ ನೋಡಿ ಬನ್ನಿ, ಎಂಥ ಬೇಸಿಗೆಗೂ ನೀರು ಇರ್ತದೆ. ಈ ರೋಡಲ್ಲಿ ಇಂಥ ಮನೆ ಇನ್ನೊಂದು ತೋರ್ಸಿ ನೋಡುವ." ನನಗೆ ಅವನು ಈ ಕಂಬದ ಸುದ್ದಿಯನ್ನೇ ಎತ್ತಿರಲಿಲ್ಲ. ಬೆಲೆ ಕಡಿಮೆಯಾದಷ್ಟೂ ಲಾಭ ಅವನಿಗೇ. ಅದನ್ನು ಪೂರ್ತಿ ಮರೆತು ಅವನು ಮನೆಯನ್ನು ಹೊಗಳುತ್ತಲೇ ಹೋದ.

ಕಂಡಕ್ಟರಿಗೆ ಮನೆ ಹಿಡಿಸಿತು. ಹಿಂದಿನ ಕೋಣೆಯ ಬಾಗಿಲು ತೆಗೆದು, "ಇದು ಮಗಳಿಗಾತು ನೋಡ. ಓದ್ಕೊಳ್ಳಾಕ ಚೊಲೋ ಅಕ್ಕೈತಿ," ಎಂದರು. ಮಗು ಒಳಗೆ ಓಡಿಹೋಗಿ ಮೂಲೆಯಲ್ಲಿ ಕೂತು ನೋಡಿತು.

ತಂಗಿ ಬಾಗಿಲಲ್ಲೇ ನಿಂತಿದ್ದಳು. ಹೇಳಲೋ ಬೇಡವೋ ಎಂದು ಅವಳು ತುಟಿ ಕಚ್ಚಿದ್ದನ್ನು ನಾನು ನೋಡಿದೆ.

"ಆ ಕೋಣೇಲಿ ಮಗೂನ ಮಲಗ್ಸಬೇಡಿ," ಎಂದಳು. "ಈಗ ಬೇಸಿಗೆ, ಕಾಣೂದಿಲ್ಲ. ಮಳೆಗಾಲದಲ್ಲಿ ಆ ಗೋಡೆ ಪೂರ್ತಿ ಒದ್ದೆ ಆಗ್ತದೆ. ನಂಗೆ ಸಣ್ಣಿರಬೇಕಾದ್ರೆ ಉಬ್ಬಸ ಹಿಡ್ದಿದ್ದು ಅಲ್ಲೇ ಮಲಗಿ."

ಈ ಒದ್ದೆ ಗೋಡೆಯ ಸುದ್ದಿ ನನಗೆ ಅಣ್ಣನೂ ಹೇಳಿರಲಿಲ್ಲ, ಎಂಜಿನಿಯರಿಗೂ ಕಂಡಿರಲಿಲ್ಲ. ನಾನು ಟೇಪು ಹಿಡಿದುಕೊಂಡು ನಡುಮನೆಯಲ್ಲಿ ನಿಂತಿದ್ದೆ. ಕಡಿಮೆ ಬೇಕಾದವನು ಏರಿಸುತ್ತಿದ್ದಾನೆ, ಹೆಚ್ಚು ಬೇಕಾದವಳು ಇಳಿಸುತ್ತಿದ್ದಾಳೆ. ಇಷ್ಟು ದಿನ ನಾನು ಕೇಳಿದ್ದರಲ್ಲಿ ಯಾವುದನ್ನು ನಂಬಬೇಕಿತ್ತು?

ಅಷ್ಟರಲ್ಲಿ ಕಂಡಕ್ಟರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ಮೇಡಂ, ಗ್ವಾಡಿದು ಏನರ ಮಾಡಿ ರಿಪೇರಿ ಮಾಡಸ್ತೀನಿ. ಬ್ಯಾಂಕಿಗೆ ಯಾವ ಯಾವ ಕಾಗದ ಕೊಡಬೇಕ್ರಿ? ಲೋನಿಗೆ ಅರ್ಜಿ ಹಾಕಾಕ ನಾಳೆ ರಜಾ ತಗೊಂಡೇನ್ರಿ." ಅತ್ತ ಅವರ ಹೆಂಡತಿ ಕಿಟಕಿಯ ಪಕ್ಕ ಎರಡೂ ಕೈ ಚಾಚಿ ಹೊಲಿಗೆ ಮಷೀನು ಹಿಡಿಸುತ್ತದೆಯೇ ಎಂದು ಅಳೆಯುತ್ತಿದ್ದರು.

ನಾನು ಅಣ್ಣನ ಮುಖ ನೋಡಿದೆ, ತಂಗಿಯ ಮುಖ ನೋಡಿದೆ. ಇಬ್ಬರೂ ನೆಲ ನೋಡುತ್ತಿದ್ದರು.

"ಅರ್ಜಿ ಹಾಕಬೇಡಿ," ಎಂದೆ. "ಈ ಮನೆ ಮಾರಾಟಕ್ಕಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ಪೂರ್ತಿ ವಿಷಯ ಹೇಳಿದೆ. ಇವರಿಬ್ಬರೊಳಗಿನ ಪಾಲಿಗೆ ಒಂದು ಬೆಲೆ ಬೇಕಿತ್ತು, ಅದಕ್ಕಾಗಿ ಬೋರ್ಡು ಹಾಕಿದ್ದು, ಒಪ್ಪಿದವಳು ನಾನು. ಹೇಳುತ್ತ ಹೇಳುತ್ತ ಅದು ನನಗೇ ವಿಚಿತ್ರವಾಗಿ ಕೇಳಿಸಿತು.

ಕಂಡಕ್ಟರ ಹೆಂಡತಿ ಚಾಚಿದ್ದ ಕೈ ಇಳಿಸಿದರು. "ಅಂದ್ರ ನಾವು ಇಲ್ಲಿಗೆ ಬಂದಿದ್ದು ಎದಕ್ರಿ?" ಎಂದರು. ಸಿಟ್ಟಿರಲಿಲ್ಲ, ನಿಜವಾಗಿ ಕೇಳುತ್ತಿದ್ದರು. ಅಣ್ಣನ ಹೆಂಡತಿ ಚಹಾ ತಂದಳು. ಅವರು ಮುಟ್ಟಲಿಲ್ಲ.

ಕಂಡಕ್ಟರು ಹೊರಡುವಾಗ ಗಿರಣಿಯ ಬಾಗಿಲಲ್ಲಿ ತಿರುಗಿದರು. "ನಿಮಗ ಬೇಕಾಗಿದ್ದು ರೇಟ್ ಅಲ್ರಿ? ನಾ ಮೂವತ್ಮೂರಕ್ಕ ಹೊಂದಸ್ತಿದ್ದೆ. ತಗೋರಿ." ಆಮೇಲೆ ನನ್ನ ಕಡೆ ನೋಡಿ, "ಮೇಡಂ, ಇನ್ನ ಮ್ಯಾಲೆ ನಿಮ್ಮ ಬೋರ್ಡ್ ನೋಡಿದ್ರ, ಖರೇನೋ ಸುಳ್ಳೋ ಹ್ಯಾಂಗ ತಿಳ್ಕೊಳ್ಳೋದ್ರಿ?" ಎಂದರು.

ಅವರು ಹೋದ ಕೂಡಲೇ ಬೋರ್ಡು ಬಿಚ್ಚಿದೆ.

ಮೂವತ್ಮೂರು ಎಂಬುದೇನೋ ಸಿಕ್ಕಿತು. ಆದರೆ ಅದು ಏನು? ಕೊಡಬೇಕಾಗಿಲ್ಲ ಎಂದು ಗೊತ್ತಾದ ಮೇಲೆ ಹೇಳಿದ ಬೆಲೆ. ಅಭಿಮಾನಕ್ಕೆ ಏರಿಸಿ ಹೇಳಿದರೋ, ಸಿಟ್ಟಿಗೆ ಇಳಿಸಿ ಹೇಳಿದರೋ, ಮನಸ್ಸಿನಲ್ಲಿದ್ದುದನ್ನೇ ಹೇಳಿದರೋ? ಬಸ್ಸಿನಲ್ಲಿ ಶಿರಸಿಯವರೆಗೂ ಅದನ್ನೇ ಯೋಚಿಸಿದೆ. ಒಂದು ಮಾತ್ರ ಸಮಾಧಾನವಿತ್ತು. ಅಣ್ಣ ತಂಗಿ ಇಬ್ಬರೂ ಇವತ್ತು ತಮ್ಮ ಲಾಭ ಮರೆತು ಮಾತಾಡಿದ್ದಾರೆ, ಇನ್ನು ಕೆಲಸ ಸುಲಭ ಎಂದುಕೊಂಡೆ.

ಮಾರನೇ ದಿನ ಬೆಳಿಗ್ಗೆ ಅಣ್ಣನ ಫೋನು. "ಅಕ್ಕ, ಹಿಂದಿನ ಕೋಣೆ ಗೋಡೆ ವಿಷಯ ತಂಗೀನೇ ಎಲ್ಲರೆದ್ರಿಗೆ ಹೇಳ್ಚಲ. ಅದ್ನ ಕಳೀಲೇಬೇಕಾಗ್ತಲ?"

ಮಧ್ಯಾಹ್ನ ತಂಗಿಯ ಫೋನು. "ಸಾಗುವಾನಿ ವಿಷಯ ಅಣ್ಣನೇ ಬಾಯಿ ಬಿಟ್ಟು ಹೇಳ್ದ ಅಲ್ದಾ? ಇಂಥ ಮನೆ ಇನ್ನೊಂದು ಇಲ್ಲೆ ಹೇಳಿ ಅವನದೇ ಮಾತು. ಅದ್ನ ಸೇರ್ಸವು."

ನಾನು ಮೇಜಿನ ಮೇಲೆ ತಲೆಯಿಟ್ಟು ಕೂತೆ. ನಿನ್ನೆ ಮನಸ್ಸಿನಿಂದ ಬಂದ ಮಾತುಗಳು ಇವತ್ತು ಒಬ್ಬರ ಮೇಲೊಬ್ಬರ ಸಾಕ್ಷಿಯಾಗಿದ್ದವು. ಯಾರನ್ನೂ ಕೆಟ್ಟವರೆಂದು ಬಯ್ಯುವ ಹಾಗೂ ಇರಲಿಲ್ಲ. ಅವನಿಗೆ ಗಿರಣಿ ಉಳಿಯಬೇಕು, ಅವಳಿಗೆ ತಲೆಯ ಮೇಲೆ ಸ್ವಂತದ ಮಾಡು ಬೇಕು. ಅಂದು ಕೂಡಿಸಿದೆ, ಕಳೆದೆ, ಮತ್ತೆ ಕೂಡಿಸಿದೆ. ಒಂದು ಸಲ ಮೂವತ್ತೊಂದು ಬಂತು, ಒಂದು ಸಲ ಮೂವತ್ತೆಂಟು. ಎರಡಕ್ಕೂ ಕಾರಣ ಕೊಡಬಲ್ಲೆ. ಮೂವತ್ತೈದು ಎಂದು ದೊಡ್ಡ ದನಿಯಲ್ಲಿ ಹೇಳಿದ್ದರೆ ಇಬ್ಬರೂ ಒಪ್ಪುತ್ತಿದ್ದರು, ಮಾತು ಕೊಟ್ಟಿದ್ದರಲ್ಲ. ನನ್ನ ಕೆಲಸವೂ ಮುಗಿಯುತ್ತಿತ್ತು. ನಾಳೆ ಯಾರಾದರೂ ಕೇಳಿದರೆ 'ಅವರು ಹೇಳಿದ್ದು' ಎನ್ನುತ್ತಿದ್ದರು. ಹೇಳಿದವಳಿಗೇ ಖಾತ್ರಿ ಇರಲಿಲ್ಲ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹಾಗೆ ಮಾಡಲಾರೆ ಎನ್ನಿಸಿತು. ಅದು ಧೈರ್ಯವೋ ಜವಾಬ್ದಾರಿ ತಪ್ಪಿಸಿಕೊಳ್ಳುವ ದಾರಿಯೋ, ನನಗೆ ಆಗಲೂ ಸ್ಪಷ್ಟವಿರಲಿಲ್ಲ. ಇಬ್ಬರಿಗೂ ಫೋನು ಮಾಡಿ, ಭಾನುವಾರ ಗಿರಣಿ ಮನೆಯಲ್ಲಿ ಒಟ್ಟಿಗೆ ಕೂತೇ ಮಾತಾಡೋಣ, ಅಲ್ಲಿಯವರೆಗೆ ಯಾರೂ ಬೇರೆಬೇರೆಯಾಗಿ ಫೋನು ಮಾಡಬೇಡಿ ಎಂದೆ.

ನಡುಮನೆಯಲ್ಲಿ ಕೂತು ನನಗೆ ಗೊತ್ತಿದ್ದುದನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಜಾಗ ಕಾಗದಕ್ಕಿಂತ ಕಡಿಮೆ ಇದೆ. ಶೆಡ್ಡನ್ನು ನಾನು ಸೇರಿಸಿಲ್ಲ, ಕರೆಂಟಿನ ಲೈನಿನಿಂದ ಜಾಗಕ್ಕೆ ಎಷ್ಟು ಬೆಲೆ ಏರಿದೆ ಎಂದು ಗೊತ್ತಿಲ್ಲ. ಲಾರಿಯವರ ಬೆಲೆ ಇಲ್ಲಿಗೆ ಏಕೆ ಪೂರ್ತಿ ಹೊಂದುವುದಿಲ್ಲ, ಕಂಡಕ್ಟರ ಬೆಲೆಯನ್ನು ಏಕೆ ಪೂರ್ತಿ ನಂಬಲಾಗುವುದಿಲ್ಲ. ಒದ್ದೆ ಗೋಡೆಯ ರಿಪೇರಿಗೆ ಎಂಜಿನಿಯರನ್ನು ಮತ್ತೆ ಕೇಳಿದಾಗ ಹೇಳಿದ ಅಂದಾಜು. ಸಾಗುವಾನಿ ಬಿಚ್ಚಿ ಮಾರಿದರೆ ಬೆಲೆ, ಮನೆಯಲ್ಲೇ ಉಳಿದರೆ ಅದಕ್ಕೆ ಬೇರೆ ಬೆಲೆ ಸಿಕ್ಕುವುದು ಕಷ್ಟ.

"ಮೂವತ್ತೊಂದಕ್ಕಿಂತ ಕಡಿಮೆ ಹೇಳಿದ್ರೆ ತಂಗಿಗೆ ಮೋಸ," ಎಂದೆ. "ಮೂವತ್ತೆಂಟಕ್ಕಿಂತ ಜಾಸ್ತಿ ಹೇಳಿದ್ರೆ ತಮಾ, ನಿಂಗೆ ಮೋಸ. ಮಧ್ಯದಲ್ಲಿ ಎಲ್ಲಿ ಹೇಳಿ ನಂಗೆ ಗೊತ್ತಿಲ್ಲೆ. ಗೊತ್ತಿದ್ದ ಹಂಗೆ ಹೇಳಿದ್ರೆ ಅದು ಸುಳ್ಳು."

"ಒಂದೇ ರೇಟು ಹೇಳ್ತೆ ಹೇಳಿ ಒಪ್ಪಿದ್ರಲ?" ಎಂದ ಅಣ್ಣ. ದನಿಯಲ್ಲಿ ಅಸಮಾಧಾನವಿತ್ತು.

"ಒಪ್ಪಿದ್ದು ಹೌದು. ಆಗ್ತಿಲ್ಲೆ. ನಂಗೆ ದುಡ್ಡು ಬ್ಯಾಡ, ಕೊಡಡಿ."

ಅಣ್ಣನ ಹೆಂಡತಿ ಎಲ್ಲರ ಮುಖ ನೋಡಿದಳು. ತಂಗಿ ಸೆರಗು ಸರಿಮಾಡಿಕೊಂಡು, "ಅಕ್ಕ, ನಿಂಗ ಒಂಚೂರು ಹೊರಗೆ ಕೂತ್ಕಳಿ," ಎಂದಳು.

ಗಿರಣಿಯ ಮುಂದಿನ ಕಟ್ಟೆಯ ಮೇಲೆ ಕೂತೆ. ಅಕ್ಕಿ ಬೀಸಿಸಲು ಬಂದ ಒಬ್ಬ ಹೆಂಗಸು ಇವತ್ತು ಗಿರಣಿ ಬಂದ್ ಇದೆಯಾ ಎಂದು ಕೇಳಿ, ಡಬ್ಬಿ ಅಲ್ಲೇ ಇಟ್ಟು ಹೋದಳು. ಒಳಗೆ ಮೊದಲು ದನಿ ಏರಿತು. ಅಣ್ಣ "ಅಪ್ಪಯ್ಯ" ಎಂದದ್ದು ಕೇಳಿಸಿತು, ತಂಗಿ ಯಾವುದೋ ಹಳೆಯ ಮಾತು ತೆಗೆದದ್ದು ಕೇಳಿಸಿತು, ಆಮೇಲೆ ಯಾರೋ ಅತ್ತ ಹಾಗಾಯಿತು. ಎದ್ದು ಹೋಗಿಬಿಡಲೇ ಎಂದುಕೊಂಡೆ. ಆ ಮನೆಯನ್ನು ನಾನೇ ಒಡೆದೆನೇನೋ ಎಂದು ಭಯವಾಗಿತ್ತು.

ಅಣ್ಣನ ಹೆಂಡತಿ ಬಂದು ಕರೆದಳು. ಒಳಗೆ ಹೋದರೆ ಇಬ್ಬರೂ ಮೊದಲಿನ ಜಾಗದಲ್ಲೇ ಕೂತಿದ್ದರು, ಇಬ್ಬರ ಕಣ್ಣೂ ಕೆಂಪಾಗಿದ್ದವು.

"ಮೂವತ್ತಾರು," ಎಂದ ಅಣ್ಣ.

ತಂಗಿ ತಲೆ ಆಡಿಸಿದಳು. ಅದು ಎಂಜಿನಿಯರದ್ದಲ್ಲ, ಲಾರಿಯವರದ್ದಲ್ಲ, ಕಂಡಕ್ಟರದ್ದೂ ಅಲ್ಲ. ನನ್ನದಂತೂ ಅಲ್ಲ. ಅವನು ಏರಿದನೋ ಅವಳು ಇಳಿದಳೋ, ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಯಲ್ಲಾಪುರದ ನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಆಯಿತು. ತಂಗಿ ಸಹಿ ಹಾಕಿ, ಹೆಬ್ಬೆರಳು ಒತ್ತಿ, ಫೋಟೋಕ್ಕೆ ಮುಖ ಕೊಟ್ಟು, ಹೊರಗೆ ಬಂದವಳು ಅಣ್ಣನ ಅಂಗಿಯ ತೋಳಿಗೆ ಹತ್ತಿದ ಹಿಟ್ಟು ಕೊಡವಿದಳು. ಬೇಡವೆಂದರೂ ಅಣ್ಣ ಮಾತಾಡಿದಷ್ಟು ದುಡ್ಡನ್ನು ನನ್ನ ಕೈಗೆ ಕೊಟ್ಟ.

ಕಂಡಕ್ಟರಿಗೆ ಬೇರೆ ಮನೆ ತೋರಿಸೋಣವೆಂದು ಎರಡು ಸಲ ಫೋನು ಮಾಡಿದೆ. ಎರಡು ಸಲವೂ ಕಟ್ ಮಾಡಿದರು. ಮೂರನೇ ಸಲ ಮಾಡಲಿಲ್ಲ.

ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಮಳೆಗಾಲ ಕಳೆದು ಒಂದು ದಿನ ಯಲ್ಲಾಪುರದ ಆ ಅನುಭವಸ್ಥ ದಲಾಲರು ಫೋನು ಮಾಡಿ, ಗಿರಣಿಯ ಎದುರು ಸಾಲಿನ ಒಂದು ಮನೆ ನಲವತ್ತೇಳಕ್ಕೆ ಹೋಯಿತೆಂದು ಖುಷಿಯಿಂದ ಹೇಳಿದರು. ಅದೇ ರಸ್ತೆ, ಹೆಚ್ಚು ಕಡಿಮೆ ಅದೇ ವಯಸ್ಸಿನ ಮನೆ. ಕೊಂಡವರಿಗೆ ಲಾರಿಯೂ ಇಲ್ಲ, ದಾರಿಯೂ ಬೇಕಿಲ್ಲ. ಮೂವತ್ತೆಂಟರ ಮೇಲೆ ಹೋದರೆ ಅಣ್ಣನಿಗೆ ಮೋಸ ಎಂದು ಗಟ್ಟಿಯಾಗಿ ಹೇಳಿದ್ದೆನಲ್ಲ, ಆ ಮಾತೂ ನನಗೆ ಗೊತ್ತಿಲ್ಲದ್ದೇ ಆಗಿತ್ತೇ? ಈ ಸುದ್ದಿಯನ್ನು ತಂಗಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಅಷ್ಟರಲ್ಲಿ ಅವಳದೇ ಫೋನು ಬಂತು. ಹಿಂದೆ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು.

"ಅಕ್ಕ, ಎದ್ರಿನ ಮನೆ ನಲವತ್ತೇಳಕ್ಕೆ ಹೋತಡ. ಹೌದನ?"

"ಹೌದು."

"ನಮ್ಮನೆಗೂ ಅಷ್ಟು ಬರ್ತಿತ್ತಾ?" ನಾನು ಬಾಯಿ ತೆರೆಯುವ ಮೊದಲೇ ಅವಳೇ ಮುಂದುವರಿಸಿದಳು. "ಅಣ್ಣ ಬರ್ತಿತ್ತಿಲ್ಲೆ ಹೇಳ್ತಾ. ನನ್ನ ಸಂಗಡದ ಸಿಸ್ಟರೆಲ್ಲ ಬರ್ತಿತ್ತು, ಸಮಾ ಮೋಸ ಹೋದೆ ಹೇಳ್ತ. ನಿಂಗ ಹೇಳಿ."

ಬರುತ್ತಿರಲಿಲ್ಲ ಎನ್ನಲು ಕಾರಣಗಳಿದ್ದವು. ಎದುರಿನ ಮನೆಗೆ ಗಿರಣಿಯ ಅದುರಿಲ್ಲ, ಒದ್ದೆ ಗೋಡೆಯಿಲ್ಲ. ಬರುತ್ತಿತ್ತು ಎನ್ನಲೂ ಇದ್ದವು. ಗಿರಣಿ ಮನೆಗೆ ಬಾವಿಯಿದೆ, ಜಾಗ ಅದಕ್ಕಿಂತ ದೊಡ್ಡದಿದೆ, ಸಾಗುವಾನಿ ಕಂಬಗಳಿವೆ. ಎರಡೂ ನಾಲಿಗೆಯ ತುದಿಗೆ ಬಂದವು.

"ನಂಗೆ ಗೊತ್ತಿಲ್ಲೆ ತಂಗಿ," ಎಂದೆ. "ಬರ್ತಿತ್ತೇನ. ಆನು ಆವಾಗ ಹೇಳಿದ್ದು ಕಡಿಮೆ ಆತೇನ. ಖರೇ ಗೊತ್ತಿಲ್ಲೆ."

ಯಾರೋ ಅವಳನ್ನು ಸಿಸ್ಟರ್ ಎಂದು ಕರೆದರು, ಬಂದೆ ಎಂದು ಅತ್ತ ತಿರುಗಿ ಹೇಳಿದಳು. ಫೋನು ಇಟ್ಟೇಬಿಡುತ್ತಾಳೆ ಎಂದುಕೊಂಡೆ.

"ಅಡ್ಡಿಲ್ಲೆ," ಎಂದಳು. ಆಮೇಲೆ, "ಶಿರಸೀಲಿ ಒಂದು ಮನೆ ನೋಡಿದ್ದೆ. ತೋರ್ಸಿದವ ಇದಕ್ಕಿಂತ ಕಡಿಮೆಗೆ ಎಲ್ಲೂ ಸಿಕ್ಕತಿಲ್ಲೆ, ನಾಳೆಗೇ ಮುಂಗಡ ಕೊಡಿ ಹೇಳ್ತಾ. ಅವಂಗೆ ಎಲ್ಲಾ ಗೊತ್ತಿದ್ದು. ನಂಗೆ ಅದೇ ಹೆದ್ರಿಕೆ. ನಿಂಗ ಒಂದ್ಸಲ ಬಂದು ನೋಡ್ತ್ರಾ?"